ಗೂಡಿಗೊಂದು ನಂಬರು, ನೂಲಿಗೊಂದು ಗುರುತು

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬಂದ ರೈತನ ಗೂಡಿಗೆ ಮೊದಲು ಸಿಗುವುದು ಬೆಲೆಯಲ್ಲ, ಒಂದು ಲಾಟ್ ನಂಬರು. ಗೂಡು ಚಿಂತಾಮಣಿ ಕಡೆಯದಿರಲಿ, ಚಿಕ್ಕಬಳ್ಳಾಪುರ ಅಥವಾ ಗೌರಿಬಿದನೂರು ಕಡೆಯದಿರಲಿ, ಹರಾಜು, ತೂಕ, ಹಣದ ಲೆಕ್ಕ ಎಲ್ಲವೂ ಆ ನಂಬರಿನ ಮೇಲೆಯೇ ನಡೆಯುತ್ತದೆ. ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ವಹಿವಾಟನ್ನು ಹತೋಟಿಗೆ ತಂದ 1959ರ ರಾಜ್ಯ ಕಾಯ್ದೆಯ ಕಾಲದಿಂದ ಕೂಗಿನ ಹರಾಜು ಹೋಗಿ ಇ-ಹರಾಜು ಬಂದಿದೆ. ಆದರೂ ನಂಬರಿನ ಕೆಲಸ ಬದಲಾಗಿಲ್ಲ. ಒಬ್ಬನ ಬೆವರು ಇನ್ನೊಬ್ಬನ ರಾಶಿಯಲ್ಲಿ ಸೇರಿಹೋಗದಂತೆ ಅದು ಕಾಯುತ್ತದೆ.

ಮಾರುಕಟ್ಟೆಯ ಬಾಗಿಲು ದಾಟಿದೊಡನೆ ಆ ನಂಬರಿನ ಆಯುಷ್ಯ ಮುಗಿಯುತ್ತದೆ. ಅಲ್ಲಿಂದ ಮುಂದೆ ಗುರುತು ಹಾಕುವ ಹೊಣೆ ಗೂಡು ಕೊಂಡ ರೀಲರಿನದು. ಮಿಶ್ರತಳಿಯ ಹಳದಿ ಗೂಡು ಯಾವುದು, ದ್ವಿತಳಿಯ ಬಿಳಿ ಗೂಡು ಯಾವುದು ಎಂದು ಕಣ್ಣೇ ಹೇಳುತ್ತದೆ. ಆದರೆ ಒಂದೇ ತಳಿಯ ಎರಡು ಲಾಟುಗಳ ನೂಲನ್ನು ಪಕ್ಕಪಕ್ಕದಲ್ಲಿ ತೂಗುಹಾಕಿದರೆ ಅನುಭವಿಗಳೂ ತಡವರಿಸುತ್ತಾರೆ. ನೂಲಿನ ದಪ್ಪವನ್ನು ಅಳೆಯುವುದು ಡೆನಿಯರ್ ಲೆಕ್ಕದಲ್ಲಿ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ದಪ್ಪ ಬೇರೆಯಾದ ಅಥವಾ ಗುಣ ಬೇರೆಯಾದ ಲಡಿಗಳು ಒಂದೇ ಹಾಸಿನಲ್ಲಿ ಸೇರಿದರೆ ಬಣ್ಣ ಸಮನಾಗಿ ಹಿಡಿಯದೆ ಸೀರೆಯಲ್ಲಿ ಪಟ್ಟೆ ಮೂಡಬಹುದು. ಅದು ಕಣ್ಣಿಗೆ ಬೀಳುವ ಹೊತ್ತಿಗೆ ನೇಕಾರನ ಎಷ್ಟೋ ದಿನಗಳ ದುಡಿಮೆ ಮಗ್ಗದ ಮೇಲೆ ಮುಗಿದಿರುತ್ತದೆ. ನಾಲ್ಕಾರು ಬೇಸಿನ್ನುಗಳ ಸಣ್ಣ ಘಟಕಕ್ಕೂ ದಾಸ್ತಾನಿನ ಸಂಕೇತ ಬೇಕಾಗುವುದು ಇದಕ್ಕಾಗಿಯೇ.

ಸಂಕೇತ ಕಟ್ಟುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಸರಕಿನಲ್ಲಿ ಎಂದೂ ಬದಲಾಗದ ಸಂಗತಿ ಯಾವುದು? ಲಡಿಯ ತಳಿ ಬದಲಾಗದು, ಡೆನಿಯರ್ ಬದಲಾಗದು. ಬೆಲೆ ನಾಳೆಯೇ ಬದಲಾಗುತ್ತದೆ. ಇಟ್ಟ ಕಪಾಟು ಬದಲಾಗುತ್ತದೆ, ಕೊಳ್ಳುವವನೂ ಬದಲಾಗುತ್ತಾನೆ. ಆದ್ದರಿಂದ ‘ದ್ವಿ-20-041’ ಎಂದು ಬರೆದರೆ ಸಾಕು. ದ್ವಿತಳಿ, 20 ಡೆನಿಯರ್, 41ನೆಯ ಲಾಟು. ಉಳಿದದ್ದೆಲ್ಲ ಲೆಕ್ಕದ ಪುಸ್ತಕದಲ್ಲಿ ಆ ಸಂಕೇತದ ಮುಂದೆ ಇರಲಿ. ಬೆಲೆಯನ್ನೂ ಸಂಕೇತದೊಳಗೆ ತುರುಕಿದವರು ದರ ಏರಿಳಿದಾಗಲೆಲ್ಲ ಚೀಟಿ ಹರಿದು ಹೊಸದನ್ನು ಅಂಟಿಸಬೇಕಾಗುತ್ತದೆ.

ಕೊನೆಯ ಸಂಖ್ಯೆಗೆ ಕ್ರಮವನ್ನು ಬಿಟ್ಟು ಬೇರೆ ಅರ್ಥ ಇಲ್ಲದಿರುವುದೇ ಒಳ್ಳೆಯದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ತಳಿಗಳಿಗೆ ಸಿಎಸ್‌ಆರ್-2, ಸಿಎಸ್‌ಆರ್-4 ಎಂಬ ಹೆಸರುಗಳಿವೆ. ನಾಲ್ಕು ಎರಡರ ಇಮ್ಮಡಿ ಎಂದು ಯಾರೂ ತಿಳಿಯುವುದಿಲ್ಲ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದಷ್ಟೇ ಆ ಅಂಕಿಯ ಕೆಲಸ. 41 ಎನ್ನುವ ಬದಲು 041 ಎಂದು ಬರೆಯುವುದಕ್ಕೂ ಕಾರಣವುಂಟು. ಎಲ್ಲ ಸಂಕೇತಗಳ ಉದ್ದ ಒಂದೇ ಆಗಿದ್ದರೆ ಒಂದು ಅಂಕಿ ಬಿಟ್ಟುಹೋದದ್ದು ತಕ್ಷಣ ತಿಳಿಯುತ್ತದೆ. ಸರಕು ಮುಗಿಯಿತೆಂದು ಹಳೆಯ ನಂಬರನ್ನು ಹೊಸ ಸರಕಿಗೆ ಕೊಡಬಾರದು. ಕೊಟ್ಟರೆ ಹೋದ ವರ್ಷದ ದೂರು ಈ ವರ್ಷದ ಲಡಿಗೆ ಅಂಟಿಕೊಳ್ಳುತ್ತದೆ.

ಬರೆಯುವ ಕೈಯ ತಪ್ಪನ್ನೂ ಎಣಿಸಬೇಕು. ಅವಸರದ ಬರಹದಲ್ಲಿ ಕನ್ನಡದ ೬ ಮತ್ತು ೯, ಪ ಮತ್ತು ಷ ಒಂದರಂತೆ ಒಂದು ಕಾಣುತ್ತವೆ. ಅಂಥ ಜೋಡಿಗಳಲ್ಲಿ ಒಂದು ಅಕ್ಷರವನ್ನು ಬಿಟ್ಟೇ ಸಂಕೇತ ಕಟ್ಟುವುದು ಜಾಣತನ. ಅಂಗಡಿಯ ಸಾಮಾನುಗಳ ಮೇಲಿನ 13 ಅಂಕಿಗಳ ಬಾರ್‌ಕೋಡ್ ಈ ತೊಂದರೆಗೆ ಬೇರೆಯೇ ಉಪಾಯ ಹುಡುಕಿದೆ. ಮೊದಲ 12 ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಮೂರರಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಆ ಮೊತ್ತವನ್ನು ಹತ್ತರ ಗುಣಕಕ್ಕೆ ಮುಟ್ಟಿಸುವ ಅಂಕಿಯನ್ನು ಕೊನೆಗೆ ಇಡುತ್ತಾರೆ. ಒಂದು ಅಂಕಿ ತಪ್ಪಾದರೂ ಲೆಕ್ಕ ಕೂಡುವುದಿಲ್ಲ.

ಅಕ್ಷರಕ್ಕೂ ಅಂಕಿಗೂ ಗಂಟು ಹಾಕುವುದು ನಮ್ಮವರಿಗೆ ಹೊಸದಲ್ಲ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನಲ್ಲಿಯೇ ಅವುಗಳ ನಂಬರು ಅಡಗಿದೆ. ಕಟಪಯಾದಿ ಕ್ರಮದಲ್ಲಿ ‘ಮೇಚಕಲ್ಯಾಣಿ’ಯ ‘ಮ’ ಐದು, ‘ಚ’ ಆರು. ತಿರುಗಿಸಿ ಓದಿದರೆ 65, ಅದೇ ಆ ರಾಗದ ಸ್ಥಾನ. ಬಟ್ಟೆ ವ್ಯಾಪಾರಿಗಳಲ್ಲಿ ಹತ್ತು ಬೇರೆ ಬೇರೆ ಅಕ್ಷರಗಳ ಒಂದು ಪದವನ್ನು ಅಂಕಿಗಳಿಗೆ ಬದಲಾಗಿಟ್ಟುಕೊಂಡು ಅಸಲು ಬೆಲೆಯನ್ನು ಚೀಟಿಯ ಮೇಲೆ ಗುಟ್ಟಾಗಿ ಬರೆಯುವ ರೂಢಿಯುಂಟು. ಆದರೆ ಇವೆರಡರ ಉದ್ದೇಶ ಬೇರೆ. ರಾಗದ ಹೆಸರು ಕಲಿತವರಿಗೆಲ್ಲ ತೆರೆದುಕೊಳ್ಳುತ್ತದೆ, ವ್ಯಾಪಾರಿಯ ಪದ ಗಿರಾಕಿಯಿಂದ ಮರೆಮಾಚುತ್ತದೆ. ದಾಸ್ತಾನಿನ ಸಂಕೇತ ರಾಗದ ಹೆಸರಿನ ಜಾತಿಗೆ ಸೇರಬೇಕಾದದ್ದು.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಎಚ್‌ಎಸ್‌ಎನ್ ಸಂಖ್ಯೆಯ ಮಾತು ಸಣ್ಣ ವ್ಯಾಪಾರಿಗಳ ಕಿವಿಗೂ ಬಿದ್ದಿದೆ. ರೇಷ್ಮೆಯದು 50ನೆಯ ಅಧ್ಯಾಯ. ಅದರಲ್ಲಿ ಗೂಡು 5001, ಕಚ್ಚಾ ರೇಷ್ಮೆ 5002. ಇದು ಜಗತ್ತಿನ ಬಂದರುಗಳಿಗೂ ತಿಳಿಯುವ ಭಾಷೆ. ಆದರೆ ಸರಕು ಯಾವ ಬಗೆಯದು ಎಂದಷ್ಟೇ ಅದು ಹೇಳುತ್ತದೆ. ಯಾವ ಲಡಿ ಯಾವ ಲಾಟಿನಿಂದ ಬಂತು ಎಂಬುದನ್ನು ಘಟಕದ ಸ್ವಂತ ಸಂಕೇತವೇ ಹೇಳಬೇಕು.

ಸಣ್ಣ ವ್ಯಾಪಾರದಲ್ಲಿ ಬಹಳ ಸಲ ಆ ಸಂಕೇತ ಇರುವುದು ಯಜಮಾನನ ಇಲ್ಲವೇ ಹಳೆಯ ಗುಮಾಸ್ತನ ನೆನಪಿನಲ್ಲಿ. ಅವರು ಹಾಸಿಗೆ ಹಿಡಿದ ದಿನ ಕಪಾಟಿನ ತುಂಬ ಮಾಲಿದ್ದೂ ಅದು ಮೂಕವಾಗುತ್ತದೆ. ಯಾವ ಅಕ್ಷರಕ್ಕೆ ಏನರ್ಥ ಎಂಬುದನ್ನು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟರೆ, ನಿನ್ನೆ ಕೆಲಸಕ್ಕೆ ಸೇರಿದ ಹುಡುಗನೂ ಕೇಳಿದ ಲಡಿಯನ್ನು ತಪ್ಪಿಲ್ಲದೆ ತೆಗೆದುಕೊಟ್ಟಾನು.