ಓಡಿದ ಬಳಿಕ ಕಟ್ಟುವ ಉಸಿರು: ಶ್ವಾಸನಾಳ ಸಂಕೋಚನದ ಕಾರಣ ಮತ್ತು ಪತ್ತೆ

ಶಾಲಾ ಕ್ರೀಡಾಕೂಟದಲ್ಲಿ ಚೆನ್ನಾಗಿಯೇ ಓಡಿ ಗುರಿ ಮುಟ್ಟಿದ ಮಗುವೊಂದು ಐದಾರು ನಿಮಿಷಗಳ ಬಳಿಕ ಮೈದಾನದ ಅಂಚಿನಲ್ಲಿ ಕುಳಿತು ಕೆಮ್ಮುತ್ತ ಏದುಸಿರು ಬಿಡುವುದನ್ನು ಮಾನ್ಯ ಸದಸ್ಯರು ಕಂಡಿರಬಹುದು. ‘ಅಭ್ಯಾಸ ಸಾಲದು’ ಎಂಬ ಮಾತು ಅಲ್ಲಿ ಸುಲಭವಾಗಿ ಕೇಳಿಬರುತ್ತದೆ. ಆದರೆ ಆಯಾಸವು ವಿಶ್ರಾಂತಿಯಿಂದ ಇಳಿಯತೊಡಗುತ್ತದೆ. ಓಟ ನಿಂತ ಮೇಲೆ ಹೆಚ್ಚುವ ಉಬ್ಬಸವು ಶ್ವಾಸನಾಳಗಳು ಕಿರಿದಾಗಿರುವುದರ ಸೂಚನೆಯಾಗಿರಬಹುದು.

ನಾಳದ ಸುತ್ತಲಿನ ಸ್ನಾಯು ಬಿಗಿಯುವುದು, ಒಳಪೊರೆ ಊದಿಕೊಳ್ಳುವುದು ಹಾಗೂ ಕಫ ತುಂಬುವುದರಿಂದ ಗಾಳಿಯ ದಾರಿ ಇಕ್ಕಟ್ಟಾಗುತ್ತದೆ. ಕುಡಿಯುವ ನೀರಿನ ಕಾಮಗಾರಿಗಳನ್ನು ಕಂಡವರಿಗೆ ಇದರ ಪರಿಣಾಮ ಊಹಿಸಲು ಕಷ್ಟವಲ್ಲ. ಕೊಳವೆಯ ವ್ಯಾಸ ಅರ್ಧಕ್ಕಿಳಿದರೆ, ಸುಗಮ ಹರಿವಿನಲ್ಲಿ ಕೂಡ, ಅಡೆತಡೆಯು ಎರಡು ಪಟ್ಟಲ್ಲ, 16 ಪಟ್ಟಾಗುತ್ತದೆ.

ಓಡುವಾಗ ಬಾಯಿಯಿಂದ ಸೆಳೆದ ಗಾಳಿಯು ಮೂಗಿನಲ್ಲಿ ತೇವಗೊಳ್ಳದೆ ಒಳಹೋಗಿ ನಾಳದ ಪೊರೆಯ ನೀರನ್ನು ಹೀರುತ್ತದೆ. ಪೊರೆ ಒಣಗಿದಾಗ ಹಿಸ್ಟಮಿನ್‌ನಂತಹ ರಾಸಾಯನಿಕಗಳು ಬಿಡುಗಡೆಗೊಂಡು ಸ್ನಾಯು ಬಿಗಿಯುತ್ತದೆ. ಈ ದೃಷ್ಟಿಯಿಂದ ಮಂಗಳೂರಿನ ತೇವಭರಿತ ಗಾಳಿಯು ಘಟ್ಟದ ಮೇಲಿನ ಚಳಿಗಾಲದ ಒಣಗಾಳಿಗಿಂತ ಮೃದುವೇ ಸರಿ. ಆದರೆ ಅದೇ ತೇವವು ಮಳೆಗಾಲದಲ್ಲಿ ಗೋಡೆಯ ಬೂಷ್ಟನ್ನೂ ಹಾಸಿಗೆಯ ಧೂಳುಹುಳುಗಳನ್ನೂ ಸಾಕುತ್ತದೆ. ಬಚ್ಚಲೊಲೆಯ ಹೊಗೆ, ಮನೆಯೊಳಗೆ ಬೀಡಿ ಕಟ್ಟುವಾಗ ಏಳುವ ತಂಬಾಕಿನ ಧೂಳು, ರಸ್ತೆಬದಿಯಲ್ಲಿ ಸುಡುವ ಕಸ, ಇವೆಲ್ಲ ಮೊದಲೇ ಸೂಕ್ಷ್ಮವಾಗಿರುವ ನಾಳವನ್ನು ಕೆರಳಿಸುತ್ತವೆ. ಕಸ ಸುಡುವುದನ್ನು ತಡೆಯುವ ಹೊಣೆ ಪಂಚಾಯತ್‌ನದೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲಿ ಅಸ್ತಮಾದ ಪ್ರಮಾಣವು 1979ರಲ್ಲಿ ಶೇ. 9 ಇದ್ದುದು 1999ರಲ್ಲಿ ಶೇ. 29.5ಕ್ಕೆ ಏರಿತ್ತು.

ಪತ್ತೆಯು ಸ್ಟೆತೊಸ್ಕೋಪಿನಿಂದಷ್ಟೇ ಆಗುವಂಥದಲ್ಲ. ಸ್ಪೈರೋಮೆಟ್ರಿ ಯಂತ್ರದೊಳಗೆ ರೋಗಿಯು ಬಲವಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಅಳೆಯಲಾಗುತ್ತದೆ. ನಾಳ ಹಿಗ್ಗಿಸುವ ಔಷಧ ಸೇದಿದ ಬಳಿಕ ವಯಸ್ಕರಲ್ಲಿ ಈ ಅಳತೆ ಶೇ. 12ಕ್ಕಿಂತಲೂ 200 ಮಿಲಿಲೀಟರ್‌ಗಿಂತಲೂ ಹೆಚ್ಚು ಏರಿದರೆ ಅಸ್ತಮಾದ ಸಂಶಯ ಬಲಗೊಳ್ಳುತ್ತದೆ. ಕುಳಿತಿರುವಾಗಿನ ಅಳತೆ ಸರಿಯಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಅಂಥವರನ್ನು 6ರಿಂದ 8 ನಿಮಿಷ ಜೋರಾಗಿ ಓಡಿಸಿ, ಅರ್ಧ ಗಂಟೆಯವರೆಗೆ ಮತ್ತೆ ಮತ್ತೆ ಅಳೆಯುತ್ತಾರೆ, ವಯಸ್ಕರಲ್ಲಿ ಶೇ. 10ರಷ್ಟು ಕುಸಿತವು ವ್ಯಾಯಾಮಜನ್ಯ ಸಂಕೋಚನವನ್ನು ತೋರುತ್ತದೆ. ಈ ಪರೀಕ್ಷೆ ವೈದ್ಯರ ಎದುರಿನಲ್ಲಿಯೇ ಆಗಬೇಕು, ಶಾಲಾ ಮೈದಾನದಲ್ಲಲ್ಲ.

ಉಸಿರುಗಟ್ಟಿದ್ದೆಲ್ಲವೂ ಅಸ್ತಮಾ ಅಲ್ಲ. ರಕ್ತಹೀನತೆ, ಹೃದ್ರೋಗ, ಧ್ವನಿತಂತುಗಳ ದೋಷ ಕೂಡ ಹೀಗೆ ತೋರಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಅವಶ್ಯ. ಆಡುತ್ತಿದ್ದ ಎಳೆಯ ಮಗುವಿಗೆ ಹಠಾತ್ತನೆ ಉಸಿರು ಕಟ್ಟಿದರೆ ನೆಲಗಡಲೆಯಂಥದು ನಾಳದಲ್ಲಿ ಸಿಲುಕಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಅಗತ್ಯವೆನಿಸಿದಲ್ಲಿ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಗೆ ಕಳುಹಿಸಿಕೊಡಬಹುದು.

ರೋಗ ದೃಢಪಟ್ಟ ಮಗುವನ್ನು ಆಟದಿಂದ ದೂರವಿಡಬೇಕಾಗಿಲ್ಲ. ಇನ್‌ಹೇಲರ್ ಚಟವಾಗುತ್ತದೆಂಬ ಭಯವೂ ನಿರಾಧಾರ. ಕ್ರೀಡಾಕೂಟದ ದಿನ ಅದು ಕಚೇರಿಯ ಬೀರುವಿನಲ್ಲಿರದೆ ಮೈದಾನದಲ್ಲಿ ಮಗುವಿನ ಕೈಗೆಟುಕುವಂತಿರಬೇಕು. ಔಷಧ ಸೇದಿದರೂ ಉಬ್ಬಸ ಇಳಿಯದೆ, ಒಂದು ವಾಕ್ಯ ಪೂರ್ತಿ ಮಾತನಾಡಲಾಗದಿದ್ದರೆ ಅಥವಾ ತುಟಿ ನೀಲಿಯಾದರೆ, ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು.