ಯಂತ್ರದ ಬುದ್ಧಿಯೂ ಮನುಷ್ಯನ ವಿವೇಕವೂ

ದುಡಿಯುವ ಕೈಗೆ ಯಂತ್ರವು ನೆರವಾದುದು ಹೊಸ ಸಂಗತಿಯಲ್ಲ. ಏತದ ಎಡೆಗೆ ಪಂಪು ಬಂದಿತು; ಬೀಸುವ ಕಲ್ಲಿನ ಎಡೆಗೆ ಗಿರಣಿ ಬಂದಿತು. ಈಗ ಬಂದಿರುವ ಕೃತಕ ಬುದ್ಧಿಮತ್ತೆಯಾದರೋ ಮಾತಿನ ಹಾಗೂ ಆಲೋಚನೆಯ ಕೆಲಸವನ್ನೇ ಹಂಚಿಕೊಳ್ಳಲು ಮುಂದಾಗಿದೆ. ಮಗನೋ ಮಗಳೋ ಕಂಪನಿಯಲ್ಲಿ ಗ್ರಾಹಕರ ಕರೆಗಳಿಗೆ ಉತ್ತರಿಸುತ್ತ ದುಡಿಯುವ ಮನೆಗಳಲ್ಲಿ, ‘ನಾಳೆ ಈ ಕೆಲಸ ಉಳಿದೀತೆ?’ ಎಂಬ ಅಳುಕು ಸಹಜವಾಗಿಯೇ ಮೂಡಿದೆ. ಇದಕ್ಕೆ ಉತ್ತರವನ್ನು ಊಹೆಯಲ್ಲಿ ಹುಡುಕುವುದಕ್ಕಿಂತ, ಸ್ವೀಡನ್ ದೇಶದಲ್ಲಿ ಹುಟ್ಟಿದ ಎರಡು ವ್ಯಾಪಾರ ಸಂಸ್ಥೆಗಳ ಅನುಭವವನ್ನು ನೋಡುವುದು ಲೇಸು.

ಮೊದಲನೆಯದು, 2005ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಆರಂಭವಾದ ಕ್ಲಾರ್ನಾ. ಕೊಂಡ ವಸ್ತುವಿನ ಬೆಲೆಯನ್ನು ಕಂತುಗಳಲ್ಲಿ ತೆರುವ ಅನುಕೂಲ ಕಲ್ಪಿಸುವುದು ಇದರ ವ್ಯವಹಾರ. ತನ್ನ ಯಂತ್ರಸಹಾಯಕವು ಒಂದೇ ತಿಂಗಳಲ್ಲಿ 23 ಲಕ್ಷ ಸಂಭಾಷಣೆಗಳನ್ನು ನಡೆಸಿತೆಂದೂ, ಅದು 700 ಮಂದಿ ಪೂರ್ಣಾವಧಿ ನೌಕರರ ಕೆಲಸಕ್ಕೆ ಸಮವೆಂದೂ ಈ ಸಂಸ್ಥೆ 2024ರ ಫೆಬ್ರವರಿಯಲ್ಲಿ ಸಾರಿತು. ಆದರೆ ವೆಚ್ಚ ತಗ್ಗಿಸುವುದಕ್ಕೇ ಅತಿಯಾಗಿ ಗಮನವಿತ್ತುದರಿಂದ ಸೇವೆಯ ಗುಣಮಟ್ಟ ಕುಗ್ಗಿತೆಂದು 2025ರ ಮೇ ತಿಂಗಳಲ್ಲಿ ಅದರ ಮುಖ್ಯಸ್ಥರಾದ ಸೆಬಾಸ್ಟಿಯನ್ ಸಿಯೆಮಿಯಾಟ್ಕೋವ್‌ಸ್ಕಿ ಅವರೇ ಒಪ್ಪಿಕೊಂಡರು. ಯಂತ್ರವನ್ನು ಅವರು ಕೈಬಿಡಲಿಲ್ಲ. ಗ್ರಾಹಕರು ಬಯಸಿದಾಗ ಮನುಷ್ಯರೊಬ್ಬರು ಮಾತಿಗೆ ದೊರೆಯಲೇಬೇಕೆಂದು ಮತ್ತೆ ಜನರ ನೇಮಕಕ್ಕೆ ತೊಡಗಿದರು.

ಎರಡನೆಯದು, ಪೀಠೋಪಕರಣಗಳಿಗೆ ಹೆಸರಾದ ಐಕಿಯಾ. 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿಯೂ ಇದರ ಮಳಿಗೆ ತೆರೆಯಿತು. ಐಕಿಯಾದ ಬಹುಪಾಲು ಮಳಿಗೆಗಳನ್ನು ನಡೆಸುವ ಇಂಗ್ಕಾ ಸಮೂಹವು ‘ಬಿಲ್ಲಿ’ ಎಂಬ ಯಂತ್ರಸಹಾಯಕವನ್ನು ಬಳಕೆಗೆ ತಂದಿತು. ಕರೆಕೇಂದ್ರಗಳಿಗೆ ಬಂದ ಪ್ರಶ್ನೆಗಳಲ್ಲಿ ಶೇಕಡ 47ನ್ನು ಎರಡು ವರ್ಷಗಳಲ್ಲಿ ಬಿಲ್ಲಿಯೇ ನಿಭಾಯಿಸಿತೆಂದು ಸಮೂಹವು 2023ರಲ್ಲಿ ತಿಳಿಸಿತು. ಆದರೆ ಹೊರೆ ತಗ್ಗಿದ ನೌಕರರನ್ನು ಅದು ಬೇಡವಾದವರೆಂದು ಎಣಿಸಲಿಲ್ಲ. 2021ರಿಂದ ಮೊದಲ್ಗೊಂಡು ಅವರಲ್ಲಿ 8,500 ಮಂದಿಗೆ ಗೃಹಾಲಂಕಾರದ ಸಲಹೆ ನೀಡುವ ತರಬೇತಿ ಕೊಟ್ಟಿತು. ದೂರದಿಂದಲೇ ಇಂತಹ ಸಲಹೆ ನೀಡಿ ಮಾರುವ ವಿಭಾಗದ ವಹಿವಾಟು 2022ರ ಆರ್ಥಿಕ ವರ್ಷದಲ್ಲಿ 130 ಕೋಟಿ ಯೂರೋ ಮುಟ್ಟಿತ್ತು.

ಇದರ ಮರ್ಮವೇನು? ಯಂತ್ರವು ಕಲಿಯುವುದು ಹಿಂದೆ ನಡೆದುದರಿಂದ. ಸಾವಿರ ಸಲ ಕೇಳಿದ ಪ್ರಶ್ನೆಗೆ ಅದು ಕ್ಷಣಮಾತ್ರದಲ್ಲಿ ಉತ್ತರಿಸೀತು. ಹಿಂದೆಂದೂ ಕಾಣದ ತೊಡಕು ಎದುರಾದಾಗ ಅದು ತಪ್ಪನ್ನೂ ಅಷ್ಟೇ ಧೈರ್ಯದಿಂದ ನುಡಿದೀತು. ಎದುರಿಗಿರುವವರ ಕಷ್ಟವನ್ನರಿತು, ನಿಯಮವನ್ನು ಎಲ್ಲಿ ಸಡಿಲಿಸಬೇಕೆಂದು ನಿರ್ಣಯಿಸಿ, ಆ ನಿರ್ಣಯಕ್ಕೆ ಹೊಣೆಯಾಗಿ ನಿಲ್ಲುವವನು ಮನುಷ್ಯನೇ. ಅನುಭವಿಗಳನ್ನು ಕಳೆದುಕೊಂಡ ಸಂಸ್ಥೆಗೆ ಅಂತಹ ಹೊತ್ತಿನಲ್ಲಿ ಆಸರೆ ಯಾರು? ಅನುಭವವು ಬೇಕೆಂದಾಗ ಪೇಟೆಯಿಂದ ತರಬಹುದಾದ ಸರಕಲ್ಲ.

ಆದುದರಿಂದ ಅಂಗಡಿ, ಉದ್ದಿಮೆಗಳನ್ನು ನಡೆಸುವ ಬಂಧುಗಳು ಯಂತ್ರವನ್ನು ತರುವ ದಿನವೇ, ಅದರಿಂದ ಬಿಡುವಾಗುವ ಕೈಗಳಿಗೆ ಯಾವ ಹೊಸ ಕೆಲಸವನ್ನು ಕಲಿಸುವೆನೆಂದು ಯೋಚಿಸಬೇಕು. ದುಡಿಯಲು ಹೊರಟ ಮಕ್ಕಳಾದರೋ ಯಂತ್ರವನ್ನು ಬಳಸುವುದನ್ನು ಕಲಿಯುವುದರೊಡನೆ, ಅದು ಕೊಟ್ಟ ಉತ್ತರವನ್ನು ಪರೀಕ್ಷಿಸಬಲ್ಲಷ್ಟು ತಮ್ಮ ಕಾಯಕವನ್ನು ಆಳವಾಗಿ ಬಲ್ಲವರಾಗಬೇಕು. ಯಜಮಾನನೂ ನೌಕರನೂ ಇದನ್ನು ಅರಿತು ನಡೆದಲ್ಲಿ ಉದ್ದಿಮೆಯೂ ಬಾಳೀತು, ಮನೆಯೂ ಬಾಳೀತು.