ಮುಪ್ಪಿನ ಹೆಜ್ಜೆಗೆ ಮನೆಯ ನೆಲ

ವೃದ್ಧರೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರೆಂಬ ವಾರ್ತೆ ಬಂದಾಗ, ವಯಸ್ಸಾಯಿತು, ಹಣೆಬರಹ ಎಂದು ನಿಟ್ಟುಸಿರುಬಿಟ್ಟು ಸುಮ್ಮನಾಗುವುದು ಲೋಕರೂಢಿಯಾಗಿದೆ. ಆದರೆ ಇಂಥ ಪತನಗಳಲ್ಲಿ ಎಷ್ಟೋ ವಿಧಿಲಿಖಿತವಲ್ಲ, ತಡೆಯಬಹುದಾದವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಅಸುನೀಗುತ್ತಾರೆ. ಅವರಲ್ಲಿ 60 ವರ್ಷ ಮೀರಿದವರದೇ ದೊಡ್ಡ ಪಾಲು.

ಗದಗ-ಬೆಟಗೇರಿಯ ಓಣಿಗಳಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮಾಳಿಗೆಮನೆಗಳಲ್ಲಾಗಲಿ ಕಣ್ಣಿಟ್ಟು ನೋಡಿದರೆ, ಎತ್ತರದ ಹೊಸ್ತಿಲು, ಒಂದಕ್ಕೊಂದು ಸಮನಲ್ಲದ ಪಾವಟಿಗೆ, ನೀರು ಸೋಕಿದೊಡನೆ ಜಾರುವ ಫರಸಿಕಲ್ಲು, ಇವೆಲ್ಲ ಹರೆಯದ ಕಾಲುಗಳನ್ನು ನೆನೆದು ಕಟ್ಟಿದವೆಂಬುದು ಹೊಳೆಯದಿರದು. ನಳದ ನೀರು ದಿನಗಟ್ಟಲೆ ಬಾರದ ಸೀಮೆಯಾದುದರಿಂದ, ತುಂಬಿಟ್ಟ ಕೊಡ, ಬ್ಯಾರಲ್‌ಗಳು ನಡೆಯುವ ದಾರಿಯನ್ನೇ ಆಕ್ರಮಿಸುತ್ತವೆ. ತುಳುಕಿದ ನೀರನ್ನು ಒರೆಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಬೆಟಗೇರಿಯ ನೇಕಾರ ಅಜ್ಜನು ಗುಂಡಿಮಗ್ಗದಿಂದ ಮೇಲೇಳುವಾಗ ಹಿಡಿಯಲೊಂದು ಗೂಟವಿದ್ದರೆ ಅದೆಷ್ಟು ಆಸರೆ!

ದೇಹವೂ ಒಳಗಿಂದೊಳಗೇ ಬದಲಾಗಿರುತ್ತದೆ. ಮುಟ್ಟು ನಿಂತ ಮೇಲೆ ಸ್ತ್ರೀಯರ ಎಲುಬು ಬೇಗ ಸವೆಯುತ್ತದೆ. ಕಣ್ಣಿನ ಪೊರೆಯಿಂದ ಮೆಟ್ಟಿಲಿನ ಅಂಚು ಮಸುಕಾಗುತ್ತದೆ. ರಕ್ತದೊತ್ತಡದ ಗುಳಿಗೆಯನ್ನಾಗಲಿ ನಿದ್ರೆಯ ಗುಳಿಗೆಯನ್ನಾಗಲಿ ಸೇವಿಸುವವರು ನಡುರಾತ್ರಿ ಥಟ್ಟನೆ ಎದ್ದರೆ, ನೆತ್ತರು ತಲೆಗೆ ಏರುವ ಮುನ್ನವೇ ತಲೆ ತಿರುಗಿ ಬೀಳುವುದುಂಟು. ಆದುದರಿಂದ ಹಾಸಿಗೆಯ ಅಂಚಿನಲ್ಲಿ ತುಸು ಹೊತ್ತು ಕುಳಿತು ಏಳಬೇಕು. ಬಚ್ಚಲ ದಾರಿಯಲ್ಲಿ ಇರುಳೆಲ್ಲ ಸಣ್ಣ ದೀಪ ಉರಿಯಬೇಕು. ಗೋಡೆಗೆ ಗಟ್ಟಿಯಾದೊಂದು ಹಿಡಿಕೆ ಬೇಕು. ಗುಳಿಗೆಗಳನ್ನೆಲ್ಲ ವೈದ್ಯರಿಗೆ ಒಮ್ಮೆ ತೋರಿಸಬೇಕು, ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು.

ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ನಡಿಗೆ. ಒಮ್ಮೆ ಬಿದ್ದವರನ್ನು ಮಕ್ಕಳು ಪ್ರೀತಿಯಿಂದಲೇ ಪಡಸಾಲೆಯಲ್ಲಿ ಕೂರಿಸಿಬಿಡುತ್ತಾರೆ. ಕುಳಿತಷ್ಟೂ ತೊಡೆಯ ಸ್ನಾಯು ಸೊರಗಿ, ಮರಳಿ ಬೀಳುವ ಭಯ ಇಮ್ಮಡಿಸುತ್ತದೆ. ಈ ಬಂಧನಕ್ಕೆ ಅಂಜಿಯೇ ಎಷ್ಟೋ ಹಿರಿಯರು ಬಿದ್ದುದನ್ನು ಮರೆಮಾಚುತ್ತಾರೆ. ಗದರಿಸದೆ ಕೇಳಿದರೆ ಹೇಳಿಯಾರು. ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈಯೂರದೆ ಹಲವು ಸಲ ಏಳುವುದು ಮುಂತಾದ, ಸಮತೋಲ ಕಲಿಸುವ ವ್ಯಾಯಾಮಗಳನ್ನು ಪಕ್ಕದಲ್ಲೊಬ್ಬರು ನಿಂತು ಮಾಡಿಸಬೇಕು.

ಇಷ್ಟಾಗಿಯೂ ಬಿದ್ದು, ಕಾಲು ಗಿಡ್ಡದಾಗಿ ಪಾದ ಹೊರಕ್ಕೆ ಹೊರಳಿದಂತೆ ಕಂಡರೆ ತೊಡೆಯ ಎಲುಬು ಸೊಂಟದ ಬಳಿ ಮುರಿದಿರುವ ಸಂಭವವೇ ಹೆಚ್ಚು. ಆಗ ಎಬ್ಬಿಸಿ ನಡೆಸಬಾರದು, ಎಣ್ಣೆ ಹಚ್ಚಿ ತಿಕ್ಕಬಾರದು; ಮಲಗಿದಲ್ಲೇ ಮಲಗಿಸಿ, 108ಕ್ಕೆ ಕರೆಮಾಡಿ, ತಡವಿಲ್ಲದೆ ಆಸ್ಪತ್ರೆ ಸೇರಿಸತಕ್ಕದ್ದು.